ಉಟ್ಟ ಬಟ್ಟೆಯ ಭಾವಚಿತ್ರ

ಸೀತೆಯು ಆಕಾಶಮಾರ್ಗದಿಂದ ಬಿಸುಟಿದ್ದ ಉತ್ತರೀಯವನ್ನೂ ಆಭರಣಗಳನ್ನೂ ಸುಗ್ರೀವನು ಋಷ್ಯಮೂಕದಲ್ಲಿ ತಂದು ತೋರಿಸಿದಾಗ, ಲಕ್ಷ್ಮಣನಿಗೆ ಗುರುತು ಹತ್ತಿದುದು ಕಾಲಂದುಗೆಗಳು ಮಾತ್ರ. ದಿನವೂ ಪಾದಕ್ಕೆರಗುತ್ತಿದ್ದವನು ಬೇರೇನನ್ನು ಕಂಡಿದ್ದಾನು! ಹೀಗೆ ವ್ಯಕ್ತಿಯನ್ನು ನೆನಪಿಗೆ ತರುವ ವಸ್ತುವಿಗೆ ಸಂಸ್ಕೃತದಲ್ಲಿ ಅಭಿಜ್ಞಾನವೆಂದು ಹೆಸರು. ಛಾಯಾಗ್ರಹಣದಲ್ಲಿ ಇಂತಹ ವಸ್ತುಗಳನ್ನೇ ಅರಸಿ ಹೊರಟವರೊಬ್ಬರಿದ್ದಾರೆ. ಅವರು ಜಪಾನಿನ ಇಶಿಉಚಿ ಮಿಯಾಕೊ ಎಂಬ ಮಹಿಳೆ.

ಇವರು 1947ರಲ್ಲಿ ಗುನ್ಮಾ ಪ್ರಾಂತದ ಕಿರಿಯು ಎಂಬ ರೇಷ್ಮೆ ನೇಯ್ಗೆಯ ಪಟ್ಟಣದಲ್ಲಿ ಜನಿಸಿದರು. ಅಮೆರಿಕದ ನೌಕಾದಳವು ಬೀಡುಬಿಟ್ಟಿದ್ದ ಯೊಕೊಸುಕದಲ್ಲಿ ಬೆಳೆದರು. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದುದು ನೇಯ್ಗೆಯನ್ನು. ಇಶಿಉಚಿ ಮಿಯಾಕೊ ಎಂಬುದು ಇವರ ಜನ್ಮನಾಮವಲ್ಲ. ವಿವಾಹಕ್ಕೆ ಮುನ್ನ ತಾಯಿಗಿದ್ದ ಹೆಸರು. ತಂದೆಯ ಹೆಸರನ್ನು ಹೊತ್ತ ಮಕ್ಕಳನ್ನು ಊರೂರಲ್ಲಿಯೂ ಕಾಣುವೆವು. ತಾಯಿಯ ಕನ್ಯಾವಸ್ಥೆಯ ಹೆಸರನ್ನು ತನ್ನದಾಗಿಸಿಕೊಂಡ ಮಗಳನ್ನು ನಾನಂತೂ ಬೇರೆಲ್ಲಿಯೂ ಕೇಳಿಲ್ಲ.

ಆದರೂ ತಾಯಿಮಗಳ ನಡುವೆ ಮಾತುಕತೆ ಸಲೀಸಾಗಿರಲಿಲ್ಲ. 2000ದಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲಿ ಉಳಿದುವು ಅವರ ಒಳಉಡುಪುಗಳು, ಕೂದಲೆಳೆ ಸಿಕ್ಕಿಕೊಂಡ ಬಾಚಣಿಗೆ, ಸವೆದ ಲಿಪ್‌ಸ್ಟಿಕ್ಕುಗಳು, ಕಟ್ಟಿಸಿದ ಹಲ್ಲಿನ ಸೆಟ್ಟು. ಅನ್ಯರಿಗೆ ಕೊಡಲು ಬಾರದು, ಎಸೆಯಲು ಮನಸ್ಸಾಗದು! ಗತಿಸಿದ ತಾಯಿಯ ಟ್ರಂಕನ್ನು ತೆರೆದು ಕುಳಿತವರಿಗೆಲ್ಲ ಈ ಸಂಕಟವು ತಿಳಿದೇ ಇದೆ. ಮಗಳು ಅವುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಚಿತ್ರ ತೆಗೆದರು. ಅಲ್ಲಿಯವರೆಗೆ ಕಪ್ಪುಬಿಳುಪಿನ ಚಿತ್ರಗಳಿಂದಲೇ ಹೆಸರಾದವರು ಲಿಪ್‌ಸ್ಟಿಕ್ಕಿನ ಕೆಂಪಿಗೋಸ್ಕರ ವರ್ಣಚಿತ್ರಕ್ಕೆ ತಿರುಗಬೇಕಾಯಿತು. ಬದುಕಿದ್ದಾಗ ಆಡಲಾಗದೆ ಉಳಿದ ಮಾತುಗಳನ್ನು ಈ ಚಿತ್ರಗಳಲ್ಲಿ ಆಡಿದರೆಂದು ನನಗೆ ತೋರುತ್ತದೆ. 2005ರಲ್ಲಿ ಇವು ವೆನಿಸ್ ನಗರದ ಕಲಾಪ್ರದರ್ಶನದಲ್ಲಿ ಜಪಾನಿನ ಮಂಟಪವನ್ನು ತುಂಬಿದುವು.

ಅನಂತರ 2007ರಲ್ಲಿ ಇವರು ಹಿರೊಶಿಮಾಕ್ಕೆ ಹೋದರು. 1945ನೆಯ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಆ ನಗರದ ಮೇಲೆ ಪರಮಾಣು ಬಾಂಬು ಬಿದ್ದಿತು. ಆ ವರ್ಷ ಮುಗಿಯುವುದರೊಳಗೆ ಸುಮಾರು 1,40,000 ಜನ ಸತ್ತರು. ಮೃತರ ಉಡುಪುಗಳೂ ನಿತ್ಯೋಪಯೋಗಿ ವಸ್ತುಗಳೂ ಅಲ್ಲಿಯ ಶಾಂತಿಸ್ಮಾರಕ ವಸ್ತುಸಂಗ್ರಹಾಲಯದಲ್ಲಿವೆ. ತ್ಸುಚಿದ ಹಿರೊಮಿ ಎಂಬವರು ಇವುಗಳನ್ನು ಹಿಂದೆಯೇ ಕಪ್ಪುಬಿಳುಪಿನಲ್ಲಿ ತೆಗೆದು, ಯಾರ ವಸ್ತು, ಎಲ್ಲಿ ದೊರೆಯಿತು ಎಂಬ ವಿವರಗಳನ್ನು ಕೆಳಗೆ ಬರೆದಿದ್ದರು. ಅದು ಸಾಕ್ಷ್ಯ, ನ್ಯಾಯಸ್ಥಾನದ ಮುಂದಿಡಬಹುದಾದುದು. ಇಶಿಉಚಿಯವರ ದಾರಿ ಬೇರೆ. ತೆಳುವಾದ ಬಟ್ಟೆಗಳನ್ನು ಅಡಿಯಿಂದ ಬೆಳಗುವ ಪೆಟ್ಟಿಗೆಯ ಮೇಲೆ ಹರಡಿದರು; ಬಣ್ಣದಲ್ಲಿ ತೆಗೆದರು. ಹರಿದ ಅಂಚು, ಸುಟ್ಟ ತೂತುಗಳೊಡನೆ ಹೂವಿನ ಬಣ್ಣ, ಗುಂಡಿ, ಕೈಹೊಲಿಗೆಯ ಸಣ್ಣ ಎಳೆಗಳೂ ಕಂಡುವು. ಪುಸ್ತಕಕ್ಕೆ ‘ಹಿರೊಶಿಮಾ’ ಎಂದು ಹೆಸರಿಟ್ಟು, ಅದನ್ನು ಹಿಂದಿನ ಕಾಲದಲ್ಲಿ ಸ್ತ್ರೀಯರ ಲಿಪಿಯೆನಿಸಿದ್ದ ಹಿರಗಾನದಲ್ಲಿ ಬರೆಸಿದರು.

ಇಷ್ಟೊಂದು ಘೋರವಾದುದನ್ನು ಇಷ್ಟು ಸುಂದರವಾಗಿ ತೋರಿಸುವುದು ಉಚಿತವೇ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ಸುಲಭವಾದುದಲ್ಲ. ಆದರೆ ಆ ಉಡುಪನ್ನು ತೊಟ್ಟ ಹುಡುಗಿ ಹತಳಾಗುವುದಕ್ಕಾಗಿ ಅದನ್ನು ತೊಟ್ಟಿರಲಿಲ್ಲ; ಚೆನ್ನಾಗಿದೆಯೆಂದು ತೊಟ್ಟಿದ್ದಳು. ಆ ಚೆಲುವನ್ನು ಮರೆಮಾಡಿದರೆ ಬಾಂಬಿನ ಕಥೆ ಉಳಿಯುವುದು, ಹುಡುಗಿಯ ಕಥೆ ಅಳಿಯುವುದು.

ಅಲ್ಲಿಯ ಬಟ್ಟೆಗಳಲ್ಲಿ ಅನೇಕವು ರೇಷ್ಮೆಯವು. ಯುದ್ಧಕಾಲದಲ್ಲಿ ಹಳೆಯ ಕಿಮೊನೊಗಳನ್ನು ಬಿಚ್ಚಿ ಕೆಲಸದ ಇಜಾರಗಳನ್ನು ಹೊಲಿಯುತ್ತಿದ್ದರು. ಇದು ಅವರನ್ನು ಹುಟ್ಟೂರಿನ ಸೀಮೆಯ ಕೈಗಾರಿಕೆಯತ್ತ ಎಳೆಯಿತು. ಅಲ್ಲಿ ಮೇಸೆನ್ ಎಂಬ ಅಗ್ಗದ ರೇಷ್ಮೆಯನ್ನು ಕೀಳುದರ್ಜೆಯ ಗೂಡುಗಳ ನೂಲಿನಿಂದ ನೇಯುತ್ತಿದ್ದರು. ನಮ್ಮ ಪಾಟಣದ ಪಟೋಲದಂತೆ ಇದರಲ್ಲಿಯೂ ನೇಯುವುದಕ್ಕೆ ಮೊದಲೇ ನೂಲಿಗೆ ಬಣ್ಣ ಕಟ್ಟುವುದರಿಂದ ಚಿತ್ತಾರದ ಅಂಚು ಮಸುಕಾಗಿ ಹರಡಿಕೊಳ್ಳುವುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸಾಮಾನ್ಯ ಸ್ತ್ರೀಯರು ಇದನ್ನು ನಿತ್ಯದ ಉಡುಪಾಗಿ ಉಟ್ಟರು. ಇಶಿಉಚಿಯವರು ಈ ಬಟ್ಟೆಗಳನ್ನೂ ಚಿತ್ರಿಸಿದರು.

ಮೃತರ ಬಂಧುಗಳಿಗೂ ಈಗ ವಯಸ್ಸಾಗಿದೆ. ತಮ್ಮ ತರುವಾಯ ಕಾಪಾಡುವವರಿಲ್ಲವೆಂದು, ದಶಕಗಳ ಕಾಲ ಮಡಿಸಿಟ್ಟಿದ್ದ ಉಡುಪುಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಿದವರುಂಟು. ಹೊಸದಾಗಿ ಬಂದವುಗಳ ಚಿತ್ರ ತೆಗೆಯಲು ಇಶಿಉಚಿಯವರು ಮತ್ತೆ ಮತ್ತೆ ಅಲ್ಲಿಗೆ ಹೋಗಿದ್ದಾರೆ.