ಶಕ್ತಿಮಾನ್ ಕ್ಯಾಬಿನ್‌ಗೆ ಹೊಸ ಗಾದಿ

ಕಳೆದ ಬೇಸಿಗೆ ರಜೆಯಲ್ಲಿ ನಾನು ಯಶವಂತಪುರದಲ್ಲಿರುವ ನಮ್ಮ ಮಾಮುವಿನ ಅಂಗಡಿಗೆ ಲೆಕ್ಕ ಬರೆಯಲು ಹೋಗುತ್ತಿದ್ದೆ. ಆರ್.ಟಿ. ನಗರದಿಂದ ಹೆಬ್ಬಾಳ, ಅಲ್ಲಿಂದ ಗೊರಗುಂಟೆಪಾಳ್ಯ, ಎರಡು ಬಸ್ಸು. ತುಮಕೂರು ರಸ್ತೆಯ ಟ್ರಕ್ ಟರ್ಮಿನಲ್ ಕಡೆ ಓಡಾಡಿದವರಿಗೆ ಇಂಥ ಅಂಗಡಿ ಗೊತ್ತಿರುತ್ತದೆ. ಹೊರಗೆ ರೆಕ್ಸಿನ್ ಸುರುಳಿಗಳು, ಒಳಗೆ ಹೊಲಿಗೆ ಯಂತ್ರ, ಎದುರಿಗೆ ಬಾಗಿಲು ತೆರೆದು ನಿಂತ ಲಾರಿ. ಮಾಮು ಕುಶನ್ ಮೇಸ್ತ್ರಿ.

ಏಪ್ರಿಲ್ ಕೊನೆಯಲ್ಲಿ ಸಕಲೇಶಪುರದ ಕಡೆಯಿಂದ ಒಬ್ಬ ತೋಟದ ಮಾಲೀಕರು ಹಳೆಯ ಶಕ್ತಿಮಾನ್ ಲಾರಿ ತಂದರು. ಅವರ ತಂದೆ ಹರಾಜಿನಲ್ಲಿ ಕೊಂಡ ಮಿಲಿಟರಿ ಗಾಡಿ. ಮಳೆಗಾಲದಲ್ಲಿ ಬೇರೆ ಲಾರಿ ಹತ್ತದ ದಾರಿಯಲ್ಲಿ ಇದು ಸೌದೆ, ಮರದ ದಿಮ್ಮಿ ಎಳೆಯುತ್ತದಂತೆ. "ಸಾಬ್ರೇ, ಒಳಗೆಲ್ಲಾ ಹೊಸದು ಮಾಡಿಕೊಡಿ, ನೋಡಿದವರು ಬಾಯಿ ಬಿಡಬೇಕು" ಎಂದರು. ಒಪ್ಪಂದವಾದದ್ದು 60,000 ರೂಪಾಯಿಗೆ.

ಈ ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಜರ್ಮನಿಯ ಎಂ.ಎ.ಎನ್. ಕಂಪನಿಯ ಪರವಾನಗಿ ಪಡೆದು ಜಬಲ್ಪುರದಲ್ಲಿ 1959ರಿಂದ ಶಕ್ತಿಮಾನ್ ತಯಾರಾಗತೊಡಗಿತು. 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೈನಿಕರನ್ನೂ ಸಾಮಾನನ್ನೂ ಹೊತ್ತದ್ದು ಇದೇ. 1990ರ ದಶಕದಲ್ಲಿ ತಯಾರಿಕೆ ನಿಂತು, ಅದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬಂತು. ಯಲಹಂಕ, ಜಾಲಹಳ್ಳಿ ಕಡೆಯವರು ದಿನವೂ ನೋಡುವ ಮಿಲಿಟರಿ ಲಾರಿಗಳಲ್ಲಿ ಈಗ ಶಕ್ತಿಮಾನ್ ಸಿಗುವುದು ಕಷ್ಟ.

ಸೇನೆ ಕೈಬಿಟ್ಟ ಗಾಡಿಯನ್ನು ಕೊಂಡವರು ಮಾರಾಟದ ಪ್ರಮಾಣಪತ್ರವನ್ನು ನಮೂನೆ 21ರಲ್ಲಿ ಪಡೆದು, ಆರ್‌ಟಿಒದಲ್ಲಿ ಸಾಮಾನ್ಯ ವಾಹನದಂತೆ ನೋಂದಣಿ ಮಾಡಿಸಬೇಕು. ಇವರ ಕಾಗದ ಸರಿಯಾಗಿತ್ತು. ಆದರೆ ಬಣ್ಣದ ವಿಷಯಕ್ಕೆ ಮಾಮು ಒಪ್ಪಲಿಲ್ಲ. ಮಾಲೀಕರಿಗೆ ಮತ್ತೆ ಅದೇ ಮಿಲಿಟರಿ ಹಸಿರು ಬೇಕಿತ್ತು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಗಾಜಿಗೆ ಕಪ್ಪು ಫಿಲ್ಮ್ ಕೂಡ ಆಗದು, 2012ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಸೀಟು ಹೆಚ್ಚು ಕಡಿಮೆ ಮಾಡಿದರೆ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆಯಾಗುವುದಿಲ್ಲ. "ಗೌಡ್ರೇ, ಗಾದಿ ನನ್ನದು, ಕಾನೂನು ನನ್ನದಲ್ಲ" ಎಂದು ಮಾಮು ನಕ್ಕರು.

ಆಮೇಲೆ ಕೇಳಿದರು, "ಇದನ್ನು ಓಡಿಸೋರು ಯಾರು?"

ಓಡಿಸುವವರು ಪಕ್ಕದಲ್ಲೇ ನಿಂತಿದ್ದರು. ಐವತ್ತು ದಾಟಿದ ಡ್ರೈವರ್. ಅಷ್ಟು ಹೊತ್ತೂ ಮಾತೇ ಆಡಿರಲಿಲ್ಲ. ಮಾಮು ಅವರನ್ನು ಹತ್ತಿಸಿ, ಕ್ಲಚ್ ಪೂರ್ತಿ ತುಳಿಯಲು ಹೇಳಿ, ಟೇಪ್ ಹಿಡಿದು ಅಳೆದರು. ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಅವರ ಕಾಲು ಪೂರ್ತಿ ನೆಟ್ಟಗಾಗಿ, ಸೊಂಟ ಸೀಟಿನಿಂದ ಜಾರುತ್ತಿತ್ತು. ಗಂಟೆಗೊಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತೇನೆ ಎಂದು ಆಗ ಹೇಳಿದರು. ಮಾಲೀಕರಿಗೆ ಆ ಮಾತು ಹೊಸದು.

ಮಿಲಿಟರಿ ಸೀಟು ಕೆಟ್ಟದ್ದೆಂದು ಇದರ ಅರ್ಥವಲ್ಲ. ಯಾವ ಎತ್ತರದ ಸೈನಿಕ ಬಂದರೂ ಕೂರಬೇಕು, ಕೆಸರಾದರೆ ತೊಳೆಯಬೇಕು, ಹರಿದರೆ ಅಲ್ಲೇ ಬದಲಾಯಿಸಬೇಕು. ಅದಕ್ಕೇ ಅದು ಸಪಾಟು, ಗಟ್ಟಿ. ಎಲ್ಲರಿಗೂ ಆಗುವಂತೆ ಮಾಡಿದ್ದನ್ನು ಈಗ ಒಬ್ಬರ ಮೈಗೆ ಹೊಂದಿಸಬೇಕಿತ್ತು.

ಕೆಲಸ ಶುರುವಾದದ್ದು ಬಿಚ್ಚುವುದರಿಂದ. ಸೀಟು, ಮ್ಯಾಟು, ಬಾಗಿಲ ಹಲಗೆ ಎಲ್ಲ ತೆಗೆದರೆ ಕೆಳಗೆ ತುಕ್ಕು. ಹಿಂದೆ ಯಾರೋ ಮ್ಯಾಟಿನಡಿ ಸಾಮಾನ್ಯ ಸ್ಪಂಜು ಹಾಕಿದ್ದರು. ಅದು ಒದ್ದೆ ಕಾಲಿನ ನೀರನ್ನೆಲ್ಲ ಹೀರಿ ವರ್ಷಗಟ್ಟಲೆ ತಗಡಿಗೆ ಒತ್ತಿ ಹಿಡಿದಿತ್ತು. ಕೊಳೆತ ಭಾಗ ಕತ್ತರಿಸಿ, ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಹೊಡೆದರು. ಆಮೇಲೆ ತೂತುಗಳು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ವೈರು, ಪೆಡಲಿನ ಸರಳುಗಳು ಹಾದುಬರುವ ತೂತುಗಳಿರುತ್ತವೆ. ಅವುಗಳ ರಬ್ಬರು ಸತ್ತಿದ್ದರೆ ಶಾಖ, ಹೊಗೆ, ಸದ್ದು ನೇರ ಡ್ರೈವರ್ ಕಾಲಿಗೆ. ಒಂದೊಂದನ್ನೂ ಹೊಸ ರಬ್ಬರಿನಿಂದ ಮುಚ್ಚಲು ಒಂದಿಡೀ ದಿನ ಹೋಯಿತು.

ನಂತರ ಡಾಂಬರ್ ಶೀಟು. ಇದನ್ನು ಬಿಸಿ ಮಾಡಿ ತಗಡಿಗೆ ಅಂಟಿಸಿದರೆ ತಗಡು ಅದುರುವುದು ಕಡಿಮೆಯಾಗುತ್ತದೆ. ಅಂಟಿಸುವ ಮುಂಚೆ ಬೆರಳಿನಿಂದ ತಟ್ಟಿದರೆ ಢಣ್ ಎನ್ನುತ್ತಿದ್ದ ನೆಲ, ಅಂಟಿಸಿದ ಮೇಲೆ ಹಲಸಿನಹಣ್ಣು ತಟ್ಟಿದಂತೆ ದಬ್ ಎಂದಿತು. ಅದರ ಮೇಲೆ, ಎಂಜಿನ್ ಕಡೆಗೂ ಚಾವಣಿಗೂ, ಅಲ್ಯೂಮಿನಿಯಂ ಹಾಳೆ ಇರುವ ಫೋಮ್. ಈ ಫೋಮಿನ ಗುಳ್ಳೆಗಳು ಒಂದಕ್ಕೊಂದು ತೆರೆದಿರುವುದಿಲ್ಲ, ಹಾಗಾಗಿ ನೀರು ಹೀರುವುದಿಲ್ಲ. ಈ ಲಾರಿಗೆ ಟಾರ್ಪಾಲಿನ್ ತೆಗೆದು ತಗಡಿನ ಚಾವಣಿ ಹಾಕಿಸಿದ್ದರಿಂದ ಬಿಸಿಲಿನಲ್ಲಿ ಒಳಗೆ ಕೂರುವಂತಿರಲಿಲ್ಲ.

ವೈರಿಂಗಿನಲ್ಲಿ ಇನ್ನೊಂದು ಪಾಠ. ಈ ಗಾಡಿಯದು 24 ವೋಲ್ಟ್, ಅಂದರೆ ಎರಡು 12 ವೋಲ್ಟ್ ಬ್ಯಾಟರಿಗಳು ಒಂದರ ಹಿಂದೆ ಒಂದು. ಕಾರಿನ ಸ್ಟೀರಿಯೊಗೆ 12 ವೋಲ್ಟ್ ಸಾಕೆಂದು ಯಾರೋ ಒಂದೇ ಬ್ಯಾಟರಿಯಿಂದ ವೈರು ಎಳೆದಿದ್ದರು. ಹಾಗೆ ಮಾಡಿದರೆ ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ, ಚಾರ್ಜ್ ಆಗುವಾಗ ಇನ್ನೊಂದಕ್ಕೆ ಮಿತಿ ಮೀರುತ್ತದೆ, ಕೊನೆಗೆ ಎರಡೂ ಹಾಳು. ಎರಡೂ ಬ್ಯಾಟರಿ ಸೇರಿ 24 ಬರುವ ಕಡೆಯಿಂದ ತೆಗೆದು, ಕನ್ವರ್ಟರ್ ಮೂಲಕ 12ಕ್ಕೆ ಇಳಿಸಿ, ಮಧ್ಯೆ ಫ್ಯೂಸ್ ಹಾಕುವುದು ಸರಿಯಾದ ದಾರಿ.

ಒಂಬತ್ತನೆಯ ದಿನ ಸಂಜೆ ಲೆಕ್ಕ ಕೂಡಿದೆ. ಟಿಂಕರಿಂಗ್ 14,000, ಶೀಟು ಮತ್ತು ಫೋಮ್ 17,500, ವೈರಿಂಗ್ 9,500. ಒಟ್ಟು 41,000 ಮುಗಿದಿತ್ತು. ಕ್ಯಾಬಿನ್ ಮಾತ್ರ ಕಪ್ಪು ಗುಹೆಯಂತಿತ್ತು. ಬಾಯಿ ಬಿಟ್ಟು ನೋಡುವಂಥದ್ದು ಒಂದೂ ಇಲ್ಲ. ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಈ ಆರ್ಡರ್ ಅಂಗಡಿಗೆ ಸಣ್ಣದಾಗಿರಲಿಲ್ಲ. ಹಿಂದೆ ಹೆಚ್ಚಿನ ಲಾರಿಗಳು ಬರೀ ಚಾಸಿಯಾಗಿ ಬರುತ್ತಿದ್ದವು, ಕ್ಯಾಬಿನ್ ಕಟ್ಟುವುದು, ಸೀಟು ಹೊಲಿಯುವುದು ಎಲ್ಲ ಇಂಥವರ ಕೈಯಲ್ಲೇ. ಈಗ ಕಾರ್ಖಾನೆಯಿಂದಲೇ ಪೂರ್ತಿ ಕ್ಯಾಬಿನ್ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಡ್ರೈವರ್‌ಗಳಿಗೆ ಅದು ಒಳ್ಳೆಯದೇ, ನಾನು ಬೇಡ ಎನ್ನಲಾರೆ. ಆದರೆ ಮಾಮುವಿನ ಹತ್ತಿರ ನಾಲ್ಕು ಜನ ಹುಡುಗರಿದ್ದರು, ಈಗ ಒಬ್ಬ.

ಮರುದಿನ ಮಾಲೀಕರು ಬಂದು ಒಳಗೆ ನೋಡಿದರು. ಮುಖ ಸಪ್ಪಗಾಯಿತು. ಮಾಮು ವಾದ ಮಾಡಲಿಲ್ಲ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೊ ತೋರಿಸಿದರು, ಹಳೆಯ ಸೀಟನ್ನೇ ಬೋಲ್ಟ್ ಮಾಡಿ "ನೆಲಮಂಗಲದವರೆಗೆ ಹೋಗಿ ಬರೋಣ" ಎಂದರು. ಡ್ರೈವರ್, ಮಾಲೀಕರು, ಮಾಮು ಹೋದರು. ನಾನು ಅಂಗಡಿಯಲ್ಲಿ ಉಳಿದೆ.

ಒಂದೂವರೆ ಗಂಟೆ ಬಿಟ್ಟು ಬಂದಾಗ ಮಾಲೀಕರು ಹೇಳಿದ್ದು ಇಷ್ಟೇ: "ದಾರೀಲಿ ಮನೆಯಿಂದ ಫೋನ್ ಬಂತು. ಮಾತಾಡಿದೆ, ಕೇಳಿಸ್ತು."

ಉಳಿದ ಕೆಲಸ ಬೇಗ ಮುಗಿಯಿತು. ಸೀಟಿಗೆ ಕೆಳಗೆ ಗಟ್ಟಿ ಫೋಮ್, ಮೇಲೆ ತೆಳುವಾಗಿ ಮೆತ್ತನೆಯದು. ಪೂರ್ತಿ ಮೆತ್ತಗಿದ್ದರೆ ಹಳ್ಳಕ್ಕೆ ಬಿದ್ದಾಗ ಮೈ ನೇರ ಕಬ್ಬಿಣಕ್ಕೆ ಬಡಿಯುತ್ತದೆ. ಸೊಂಟದ ಹತ್ತಿರ ಒಂದು ಉಬ್ಬು, ಕೂರುವಲ್ಲಿ ಬೆವರು ಹಿಡಿಯುವ ಬಟ್ಟೆ, ಅಂಚಿಗೆ ರೆಕ್ಸಿನ್. ಸೀಟನ್ನು ಎರಡು ಇಂಚು ಮುಂದಕ್ಕೆ ತಂದು, ನೆಲದಡಿ ದಪ್ಪ ಪಟ್ಟಿ ಕೊಟ್ಟು ಬಿಗಿದರು. ಕಾರ್ಪೆಟ್ ಬದಲು ಎತ್ತಿ ತೊಳೆಯುವ ರಬ್ಬರ್ ಮ್ಯಾಟು. ಮಾಲೀಕರ ಮಗ ಕೇಳಿದ್ದ ನೀಲಿ ದೀಪದ ಸಾಲು ಹಾಕಲಿಲ್ಲ. ರಾತ್ರಿ ಆ ಬೆಳಕು ಮುಂದಿನ ಗಾಜಿನಲ್ಲಿ ಹೊಳೆದು ರಸ್ತೆ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿಗೆ ಬೂದು ಬಣ್ಣ. ಶತ್ರುವಿಗೆ ಕಾಣದಂತೆ ಮಂದ ದೀಪದಲ್ಲಿ ಓಡಿಸಲು ಇದ್ದ ಹಳೆಯ ಸ್ವಿಚ್ಚನ್ನು ಮಾತ್ರ ಒರೆಸಿ ಹಾಗೇ ಬಿಟ್ಟರು. ಅದು ನನ್ನ ಬೇಡಿಕೆ.

ಮಾಮುವಿಗೆ ಉಳಿದದ್ದು ಹೆಚ್ಚಿಲ್ಲ. ಆದರೆ ಜೂನ್‌ನಲ್ಲಿ ಅದೇ ಊರಿನಿಂದ ಒಂದು ಜೋಂಗಾ ಜೀಪು ಬಂತು. ಶಕ್ತಿಮಾನ್‌ನ ಬಾಕಿ 6,000 ರೂಪಾಯಿ ಮೆಣಸು ಮಾರಿದ ಮೇಲೆ ಕೊಡುತ್ತಾರಂತೆ. ಖಾತೆಯಲ್ಲಿ ಹಾಗೆಯೇ ಬರೆದಿದ್ದೇನೆ.