ದಿನ ತಪ್ಪಿದಾಗ ಗಾಬರಿ ಬೇಡ, ಪರೀಕ್ಷೆ ಬೇಕು

ಕೆಲವು ತಿಂಗಳ ಹಿಂದೆ ಒಂದೇ ವಾರದಲ್ಲಿ ಇಬ್ಬರು ತಾಯಂದಿರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೊದಲನೆಯವರು, ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ ಮಗಳನ್ನು ಮುಂದೆ ಕೂರಿಸಿ, "ಡಾಕ್ಟ್ರೇ, ಇವಳು ಎರಡು ತಿಂಗಳಿಂದ ಹೊರಗಾಗಿಲ್ಲ" ಎಂದವರೇ ಅತ್ತುಬಿಟ್ಟರು. ಹುಡುಗಿ ತಲೆ ಎತ್ತಲಿಲ್ಲ. ಎರಡನೆಯವರಿಗೆ 43 ವರ್ಷ. ಬಂದದ್ದು ಸುಸ್ತು ಎಂದು. ಮುಟ್ಟಿನ ವಿಚಾರ ಕೇಳಿದಾಗ, "ಅದು ನಿಂತು ನಾಲ್ಕು ತಿಂಗಳಾಯ್ತು, ವಯಸ್ಸಾಯ್ತಲ್ಲ" ಎಂದು ನಕ್ಕರು.

ಪರೀಕ್ಷೆ ಮಾಡಿದಾಗ ಹುಡುಗಿ ಬಸಿರಾಗಿರಲಿಲ್ಲ. ನಗುತ್ತಿದ್ದವರು ಬಸಿರಾಗಿದ್ದರು.

ಮುಟ್ಟು ತಪ್ಪಿದ್ದೆಲ್ಲ ಗರ್ಭವಲ್ಲ. ಗರ್ಭವಿರಲಾರದು ಎಂದು ಊಹಿಸುವುದೂ ಸರಿಯಲ್ಲ. ಈ ಎರಡು ಮಾತು ಮನೆಯವರೆಲ್ಲರಿಗೂ ತಿಳಿದಿರಬೇಕು.

ಮುಟ್ಟು ಏಕೆ ಏರುಪೇರಾಗುತ್ತದೆ?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಸಾಮಾನ್ಯವಾಗಿ 21ರಿಂದ 35 ದಿನಗಳ ಅಂತರವಿರುತ್ತದೆ. ಎಲ್ಲರಿಗೂ 28 ದಿನಕ್ಕೇ ಆಗಬೇಕೆಂಬ ನಿಯಮವಿಲ್ಲ. ನಾಲ್ಕಾರು ದಿನ ಹಿಂದೆ ಮುಂದೆ ಆಗುವುದು ಸಹಜ.

ಅಂಡಾಶಯದಿಂದ ಅಂಡಾಣು ಹೊರಬಿದ್ದ ಸುಮಾರು 14 ದಿನಗಳ ನಂತರ ಮುಟ್ಟಾಗುತ್ತದೆ. ಅಂಡಾಣು ತಡವಾಗಿ ಬಿಡುಗಡೆಯಾದರೆ ಮುಟ್ಟೂ ತಡವಾಗುತ್ತದೆ. ಇದಕ್ಕೆ ಅಪ್ಪಣೆ ಬರುವುದು ಮೆದುಳಿನಿಂದ. ಆದ್ದರಿಂದಲೇ ಪರೀಕ್ಷೆಯ ಭಯ, ಮನೆಯಲ್ಲಿ ಸಾವು, ನಿದ್ದೆಗೇಡು, ಊಟ ಬಿಟ್ಟು ತೂಕ ಇಳಿಸುವುದು ಇವೆಲ್ಲ ಮುಟ್ಟನ್ನು ಮುಂದೂಡಬಲ್ಲವು.

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಕ್ರಮ ತಪ್ಪುವುದು ಸಾಮಾನ್ಯ. ನಲವತ್ತು ದಾಟಿದ ಮೇಲೆ, ಮುಟ್ಟು ಪೂರ್ತಿ ನಿಲ್ಲುವ ಮೊದಲ ಕೆಲವು ವರ್ಷವೂ ಹಾಗೆಯೇ. ಥೈರಾಯ್ಡ್ ತೊಂದರೆ, ಪಿ.ಸಿ.ಓ.ಡಿ. ಎಂದು ಕರೆಯುವ ಅಂಡಾಶಯದ ಸಮಸ್ಯೆ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಹೆಚ್ಚಳ, ಗರ್ಭಕೋಶದ ಕ್ಷಯ, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು, ಗರ್ಭನಿರೋಧಕ ಚುಚ್ಚುಮದ್ದು ಇವೂ ಕಾರಣವಾಗಬಹುದು. ಔಷಧಿಯಿಂದ ಹೀಗಾಗಿದೆ ಎಂದು ಅನುಮಾನ ಬಂದರೂ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.

ಹಬ್ಬ, ಮದುವೆ, ಗೃಹಪ್ರವೇಶಕ್ಕೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗುವವರು ಬಹಳ. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಸಾಮಾನ್ಯವಾಗಿ ಮುಟ್ಟಾಗುತ್ತದೆ. ಆಗದಿದ್ದರೆ ಗರ್ಭ ಪರೀಕ್ಷೆ ಮಾಡಿಸಬೇಕು. ಈ ಮಾತ್ರೆ ಗರ್ಭನಿರೋಧಕವಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರು ಇದನ್ನು ತೆಗೆದುಕೊಳ್ಳಲೇಬಾರದು.

ಗರ್ಭವೇ ಎಂದು ತಿಳಿಯುವುದು ಹೇಗೆ?

ಗರ್ಭ ನಿಂತಾಗ ಎಚ್.ಸಿ.ಜಿ. ಎಂಬ ಹಾರ್ಮೋನು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಪಟ್ಟಿ ಇದನ್ನೇ ಪತ್ತೆ ಮಾಡುತ್ತದೆ. ಆಶಾ ಕಾರ್ಯಕರ್ತೆಯರ ಬಳಿಯೂ 'ನಿಶ್ಚಯ್' ಕಿಟ್ ಸಿಗುತ್ತದೆ. ಬೆಳಗಿನ ಮೊದಲ ಮೂತ್ರದ ಕೆಲವು ಹನಿ ಹಾಕಿ, ಪೊಟ್ಟಣದಲ್ಲಿ ಬರೆದಷ್ಟು ನಿಮಿಷ ಕಾಯಬೇಕು. ಎರಡು ಗೆರೆ ಬಂದರೆ ಗರ್ಭವಿದೆ ಎಂದರ್ಥ. ಎರಡನೆಯದು ಮಸುಕಾಗಿದ್ದರೂ ಹಾಗೆಯೇ ಭಾವಿಸಿ ವೈದ್ಯರನ್ನು ಕಾಣಿ. 'ಸಿ' ಎಂಬಲ್ಲಿ ಗೆರೆಯೇ ಬಾರದಿದ್ದರೆ ಪಟ್ಟಿ ಕೆಟ್ಟಿದೆ, ಇನ್ನೊಂದು ತನ್ನಿ.

ಮುಟ್ಟಾಗಬೇಕಾದ ದಿನಕ್ಕೆ ಮುಂಚೆ ಪರೀಕ್ಷಿಸಿದರೆ ಗರ್ಭವಿದ್ದರೂ 'ಇಲ್ಲ' ಎಂದು ತೋರಿಸಬಹುದು. ಒಂದೇ ಗೆರೆ ಬಂದು, ಮತ್ತೆ ಒಂದು ವಾರವಾದರೂ ಮುಟ್ಟಾಗದಿದ್ದರೆ ಪರೀಕ್ಷೆಯನ್ನು ಪುನಃ ಮಾಡಿ. ಮುಟ್ಟು ಕ್ರಮವಾಗಿಲ್ಲದವರು ಸಂಭೋಗ ನಡೆದು 3 ವಾರ ಕಳೆದ ಮೇಲೆ ಮಾಡಿದರೆ ನಂಬಬಹುದು. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದವರಿಗೆ ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು; ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಬೇಕು.

ಬಾಣಂತಿಯರಿಗೂ ಒಂದು ಮಾತು. ಮೊದಲು ಅಂಡಾಣು ಬಿಡುಗಡೆಯಾಗಿ ನಂತರ ಮುಟ್ಟಾಗುವುದರಿಂದ, ಹೆರಿಗೆಯ ನಂತರ ಒಮ್ಮೆಯೂ ಮುಟ್ಟಾಗದೆ ಮತ್ತೆ ಬಸಿರಾಗಬಹುದು.

ಮಾಡಬಾರದ್ದು

ಆ ತಾಯಿಯ ಕೈಚೀಲದಲ್ಲಿ 'ಮುಟ್ಟು ಬರಿಸುವ ಮಾತ್ರೆ' ಇತ್ತು. ಯಾರೋ ಹೇಳಿದರೆಂದು ಅಂಗಡಿಯಿಂದ ತಂದಿದ್ದರು. ಅದು ಗರ್ಭಪಾತದ ಮಾತ್ರೆ. ಗರ್ಭವಿಲ್ಲದ ಹುಡುಗಿಗೆ ಅದು ವೃಥಾ ಹಿಂಸೆ. ಗರ್ಭವಿದ್ದವರು ತಾವಾಗಿಯೇ ನುಂಗಿದರೆ ವಿಪರೀತ ರಕ್ತಸ್ರಾವವಾಗಬಹುದು, ಅರ್ಧಂಬರ್ಧ ಗರ್ಭಪಾತವಾಗಿ ನಂಜೇರಬಹುದು. ಪರಂಗಿ ಹಣ್ಣು, ಎಳ್ಳು ಬೆಲ್ಲ ತಿಂದು ಕಾಯುವುದರಿಂದ ದಿನ ಕಳೆಯುತ್ತದೆಯೇ ಹೊರತು ಬೇರೇನೂ ಆಗದು.

ಬೇಡದ ಗರ್ಭವಾದರೆ ಕಾನೂನುಬದ್ಧ ದಾರಿಯಿದೆ. 1971ರ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿದ್ದು, ಕಾಯಿದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಮದುವೆಯಾಗದವರಿಗೂ ಇದು ಅನ್ವಯಿಸುತ್ತದೆ. 18 ತುಂಬಿದವಳಿಗೆ ಅವಳದೇ ಒಪ್ಪಿಗೆ ಸಾಕು; ಅವಳ ಹೆಸರನ್ನು ಗುಟ್ಟಾಗಿಡಬೇಕಾದದ್ದು ವೈದ್ಯರ ಕರ್ತವ್ಯ. ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ ಎಂಬುದು ನೆನಪಿರಲಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

* ದಿನ ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದು ಪಕ್ಕ ತೀವ್ರ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು, ರಕ್ತ ಕಾಣಿಸುವುದು ಇದ್ದರೆ ಆ ಕ್ಷಣವೇ. ಗರ್ಭ ನಾಳದಲ್ಲಿ ನಿಂತು ಒಡೆದರೆ ಪ್ರಾಣಕ್ಕೆ ಅಪಾಯ.
* ಗರ್ಭವಿಲ್ಲದೆಯೂ ಮೂರು ತಿಂಗಳು ಮುಟ್ಟಾಗದಿದ್ದರೆ.
* 15 ವರ್ಷ ತುಂಬಿದರೂ ಹುಡುಗಿ ಮೈನೆರೆಯದಿದ್ದರೆ.
* ಮುಖದ ಮೇಲೆ ಕೂದಲು, ಮೊಲೆಯಿಂದ ಹಾಲು, ತೂಕದಲ್ಲಿ ಏರುಪೇರು ಕಂಡರೆ.
* ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಮಾತನಾಡಿಸಿದಾಗ ವಿಷಯ ತಿಳಿಯಿತು. ಆರು ತಿಂಗಳಲ್ಲಿ 8 ಕಿಲೋ ಇಳಿದಿದ್ದಳು. ದಪ್ಪಗಿದ್ದೇನೆಂದು ರಾತ್ರಿಯೂಟ ಬಿಟ್ಟಿದ್ದಳು. "ಅಮ್ಮ ನನ್ನನ್ನು ಒಂದು ಮಾತು ಕೇಳಲೇ ಇಲ್ಲ ಸಾರ್" ಎಂದಳು. ಊಟ ಸರಿಯಾಗಿ, ತೂಕ ಬಂದ ಮೇಲೆ ಮುಟ್ಟೂ ಬಂತು. ಆ 43 ವರ್ಷದ ಗೃಹಿಣಿಗೆ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆಗಳು ಮೊದಲ ತಿಂಗಳುಗಳಲ್ಲೇ ಆಗಬೇಕಿತ್ತು. ಆ ಕಾಲ ಕೈಬಿಟ್ಟು ಹೋಗಿತ್ತು.

ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನಕ್ಕೆ ಒಂದು ಗುರುತು ಹಾಕುವ ಅಭ್ಯಾಸವನ್ನು ಮನೆಯ ಹೆಣ್ಣುಮಕ್ಕಳೆಲ್ಲ ಇಟ್ಟುಕೊಳ್ಳಲಿ. ಮಗಳ ದಿನ ತಪ್ಪಿದರೆ ಮೊದಲು ಅವಳೊಂದಿಗೆ ಮಾತಾಡಿ. ಬಯ್ಯುವ ಮನೆಯಲ್ಲಿ ಮಕ್ಕಳು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ.