ಬಂದವರ ಪಟ್ಟಿ, ಹೋದವರ ಪಟ್ಟಿ

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಂಥ ಊರುಗಳಲ್ಲಿ ಎತ್ತು ಕೊಳ್ಳುವುದೆಂದರೆ ಒಂದು ಮಾತಿನಲ್ಲಿ ಮುಗಿಯುವ ವ್ಯವಹಾರವಲ್ಲ. ಹಲ್ಲು ನೋಡಬೇಕು, ಸುಳಿ ನೋಡಬೇಕು, ನಡೆಸಿ ನೋಡಬೇಕು. ಅದರಲ್ಲೂ ಜೋಡಿಯಲ್ಲಿ ಒಂದು ಹೋಗಿ ಇನ್ನೊಂದನ್ನು ತರುವಾಗ ರೈತನ ಕಣ್ಣು ಸಂತೆಯ ಎತ್ತಿನ ಮೇಲಿದ್ದರೂ ಮನಸ್ಸು ಮನೆಯ ಗೋದಲಿಯ ಮುಂದೆ ಉಳಿದ ಒಂಟಿ ಎತ್ತಿನ ಮೇಲಿರುತ್ತದೆ. ಎತ್ತರವೂ ನಡಿಗೆಯೂ ಹೊಂದದಿದ್ದರೆ ಎಷ್ಟು ಚೆಂದದ ಎತ್ತು ತಂದರೂ ನೊಗ ಒಂದು ಕಡೆಗೆ ವಾಲುತ್ತದೆ.

ವೃತ್ತಿಪರ ಫುಟ್‌ಬಾಲ್ ತಂಡಗಳು ಆಟದ ಋತು ಮುಗಿದ ಮೇಲೆ ನಡೆಸುವ ಕೊಡುಕೊಳ್ಳುವಿಕೆಯನ್ನು ಅಳೆಯಲು ಈ ಅಳತೆಗೋಲು ಸಾಕು. ಆಟಗಾರ ಎತ್ತಲ್ಲ ನಿಜ. ತನ್ನ ಬೆಲೆಯನ್ನು ತಾನೇ ಹೇಳಬಲ್ಲ, ಬರುವುದಿಲ್ಲ ಎಂದೂ ಹೇಳಬಲ್ಲ. ಅಷ್ಟು ಬಿಟ್ಟರೆ ಹೋಲಿಕೆ ಸಲ್ಲುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಕಣ್ಣ ಮುಂದಿನ ಉದಾಹರಣೆ ಬೆಂಗಳೂರು ಫುಟ್‌ಬಾಲ್ ಕ್ಲಬ್. 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಮತ್ತೊಮ್ಮೆ ಗೆದ್ದಿತು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಚಾಂಪಿಯನ್ ಆಯಿತು. ಪ್ರತಿ ಮಳೆಗಾಲದಲ್ಲೂ ಬಂದವರ ಪಟ್ಟಿ, ಹೋದವರ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತವೆ. ಕಂಠೀರವ ಕ್ರೀಡಾಂಗಣದ ಅಭಿಮಾನಿಗಳು ಹೆಸರು ನೋಡಿ ಹಿಗ್ಗುತ್ತಾರೆ, ಇಲ್ಲವೇ ಆಡಳಿತದವರನ್ನು ಬೈಯುತ್ತಾರೆ. ಹೆಸರು ನೋಡಿ ಕೊಟ್ಟ ತೀರ್ಪು ಎಷ್ಟು ಬೇಗ ಹುಸಿಯಾಗುತ್ತದೆ ಎಂಬುದಕ್ಕೆ ಈ ಕ್ಲಬ್ಬಿನ ಚರಿತ್ರೆಯೇ ಸಾಕ್ಷಿ.

ಹಿಂದಿನವರಿಗೆ ಈ ಗೊಡವೆ ಇಷ್ಟಿರಲಿಲ್ಲ. ಐಟಿಐ, ಎಚ್‌ಎಎಲ್ ತಂಡಗಳ ಕಾಲದಲ್ಲಿ ಆಟಗಾರನೆಂದರೆ ಕಾರ್ಖಾನೆಯ ನೌಕರ. ಕಾಲು ಸೋತರೂ ನೌಕರಿ ಉಳಿಯುತ್ತಿತ್ತು. ಇಂದಿನವನ ಕೈಯಲ್ಲಿರುವುದು ಒಂದು, ಎರಡು, ಹೆಚ್ಚೆಂದರೆ ಕೆಲವು ವರ್ಷಗಳ ಕರಾರು. ಕರಾರಿಗೆ ಆರು ತಿಂಗಳು ಬಾಕಿ ಇರುವಾಗಲೇ ಬೇರೆ ಕ್ಲಬ್ಬಿನೊಡನೆ ಮುಂದಿನ ಒಪ್ಪಂದ ಮಾಡಿಕೊಳ್ಳಲು ಫಿಫಾ ನಿಯಮ ಅವಕಾಶ ಕೊಡುತ್ತದೆ. ಕರಾರು ಮುಗಿಸಿ ಹೋದರೆ ಹಳೆಯ ಕ್ಲಬ್ಬಿಗೆ ವರ್ಗಾವಣೆಯ ಹಣ ಸಿಗುವುದಿಲ್ಲ. ಆದ್ದರಿಂದ ‘ಕೈಬಿಟ್ಟರು’ ಎಂದು ಹೊರಗಿನವರು ಆಡಿಕೊಳ್ಳುವ ಎಷ್ಟೋ ಕಡೆ ಆಟಗಾರನೇ ಹೊರಟು ನಿಂತಿರುತ್ತಾನೆ. ಇನ್ನೊಂದು ಕಟ್ಟು ವಿದೇಶಿ ಆಟಗಾರರದ್ದು. ಏಕಕಾಲಕ್ಕೆ ಅಂಗಳದಲ್ಲಿ ಐವರು ಆಡಬಹುದಾಗಿದ್ದುದು 2021-22ರಿಂದ ನಾಲ್ವರಿಗೆ ಇಳಿಯಿತು. ನಾಲ್ಕರಲ್ಲಿ ಒಂದು ಆಯ್ಕೆ ತಪ್ಪಿದರೆ ಕಾಲುಭಾಗ ಹೋದಂತೆಯೇ.

2017-18ರಲ್ಲಿ ಬೆಂಗಳೂರು ತಂಡ ಲೀಗ್ ಹಂತದ 18 ಪಂದ್ಯಗಳಲ್ಲಿ 35 ಗೋಲು ಹೊಡೆದು 40 ಅಂಕ ಗಳಿಸಿತ್ತು. ಆ ಗೋಲುಗಳ ಹಿಂದೆ ಇದ್ದದ್ದು ವೆನೆಜುವೆಲಾದ ಮಿಕು ಮತ್ತು ನಾಯಕ ಸುನಿಲ್ ಛೆಟ್ರಿಯವರ ಜೋಡಿ. 2019ರಲ್ಲಿ, ತಂಡ ಚಾಂಪಿಯನ್ ಆದ ಬೆನ್ನಿಗೇ, ಮಿಕು ಹೊರಟರು. ಅವರ ಜಾಗ ತುಂಬಬೇಕಾಗಿದ್ದ ಸ್ಪೇನಿನ ಮ್ಯಾನುಯೆಲ್ ಒನ್ವು ಇಲ್ಲಿ ಗೋಲಿಗಾಗಿ ಪರದಾಡಿದರು. 2020ರ ಜನವರಿಯಲ್ಲಿ ಅವರನ್ನು ಒಡಿಶಾ ತಂಡಕ್ಕೆ ಎರವಲು ಕೊಡಲಾಯಿತು. ಅಲ್ಲಿ ಅವರು ನಾಲ್ಕು ಪಂದ್ಯಗಳಲ್ಲಿ ಏಳು ಗೋಲು ಹೊಡೆದರು! ಆಟಗಾರ ಅವರೇ, ಲೀಗ್ ಅದೇ, ತಿಂಗಳುಗಳ ಅಂತರವೂ ಹೆಚ್ಚಿಲ್ಲ. ಒನ್ವು ಕೆಟ್ಟ ಆಯ್ಕೆಯೇ ಎಂದು ಕೇಳಿದರೆ ಉತ್ತರ ಕಷ್ಟ. ಬೆಂಗಳೂರಿನ ಆಟಕ್ಕೆ ಹೊಂದಿದರೇ ಎಂದು ಕೇಳಿದರೆ ಉತ್ತರ ಸುಲಭ.

ಆ ಋತುವಿನಲ್ಲಿ ತಂಡ ಮೂರನೆಯ ಸ್ಥಾನ ಪಡೆಯಿತು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಆದರೆ 18 ಪಂದ್ಯಗಳಲ್ಲಿ ಹೊಡೆದ ಗೋಲು 22ಕ್ಕೆ ಇಳಿದಿತ್ತು. ಬಿಟ್ಟುಕೊಟ್ಟದ್ದು 13 ಮಾತ್ರವಾದ್ದರಿಂದ ಕೊರತೆ ಮುಚ್ಚಿಹೋಗಿತ್ತು. ಸೆಮಿಫೈನಲ್‌ನಲ್ಲಿ ಎಟಿಕೆ ಎದುರು ಸೋತಾಗ ಅದು ಬಯಲಾಯಿತು. ಗಟ್ಟಿ ರಕ್ಷಣಾ ಪಡೆ ಮುಂಚೂಣಿಯ ತಪ್ಪನ್ನು ಒಂದು ವರ್ಷ ಮುಚ್ಚಿಡಬಲ್ಲುದು. ಮುಂದಿನ ವರ್ಷ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. 2021ರ ಹೊತ್ತಿಗೆ ಪಾರ್ಟಾಲು, ಡಿಮಾಸ್, ಹುವಾನಾನ್, ರಾಹುಲ್ ಭೇಕೆ, ಖಾಬ್ರಾ ಎಲ್ಲರೂ ಹೋಗಿ ಚಾಂಪಿಯನ್ ತಂಡದ ಬೆನ್ನೆಲುಬೇ ಬದಲಾಗಿತ್ತು.

2022ರದು ಬೇರೆಯೇ ಕಥೆ. ಆ ವರ್ಷ ಕ್ಲಬ್ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಜಿಂಗಾನ್, ಪ್ರಬೀರ್ ದಾಸ್ ಅವರನ್ನು ಕರೆತಂದಿತು. ಅಭಿಮಾನಿಗಳ ಸಂತೋಷಕ್ಕೆ ಮಿತಿಯಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಬಂತು. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದ ತಂಡ 2023ರ ಮಾರ್ಚ್‌ನಲ್ಲಿ ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತಿತು. ಆದರೆ ಕೃಷ್ಣ ಆಗಲೇ 35 ದಾಟಿದ್ದವರು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಬಾಯಿಗೂಡಿದ ಎತ್ತು: ಈ ವರ್ಷದ ಬಿತ್ತನೆಗೆ ಸರಿ, ಮುಂದಿನದಕ್ಕೆ ಈಗಲೇ ಕರುವೊಂದನ್ನು ಪಳಗಿಸುತ್ತಿರಬೇಕು.

ಪಳಗಿಸುವ ಕೆಲಸ ಆದಂತೆ ಕಾಣಲಿಲ್ಲ. ಒಂದೇ ಬೇಸಿಗೆಯಲ್ಲಿ ಕೃಷ್ಣ ಒಡಿಶಾಕ್ಕೆ, ಜಿಂಗಾನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ, ದಾಸ್ ಕೇರಳಕ್ಕೆ ಹೋದರು. 2023-24ರಲ್ಲಿ ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದು. 22 ಪಂದ್ಯಗಳಲ್ಲಿ ಗೋಲು ಬರೀ 20. ಅತ್ತ ಒಡಿಶಾದಲ್ಲಿ ಕೃಷ್ಣ 13 ಗೋಲು ಹೊಡೆದರು. ಇದನ್ನು ನೋಡಿ ‘ಕೃಷ್ಣರನ್ನು ಬಿಟ್ಟದ್ದೇ ತಪ್ಪು’ ಎನ್ನುವವರು ಬಹಳ. ನನಗೆ ಹಾಗೆ ಅನಿಸುವುದಿಲ್ಲ. ಆ ವಯಸ್ಸಿನ ಆಟಗಾರನಿಗೆ ಮತ್ತೆ ದೊಡ್ಡ ಸಂಬಳದ ಕರಾರು ಕೊಡಲು ಹಿಂಜರಿದರೆ ಅದು ಆ ದಿನಕ್ಕೆ ವಿವೇಕವೇ. ತೀರ್ಪು ಕೊಡುವಾಗ ಅಂದು ಗೊತ್ತಿದ್ದುದನ್ನೇ ಹಿಡಿಯಬೇಕು, ಆಮೇಲೆ ಆದದ್ದನ್ನಲ್ಲ. ತಪ್ಪಾದದ್ದು ರಕ್ಷಣೆ, ಅಂಚು, ಮುಂಚೂಣಿ ಮೂರನ್ನೂ ಒಟ್ಟಿಗೆ ಕಿತ್ತು ಹೊಸಬರನ್ನು ನಿಲ್ಲಿಸಿದ್ದರಲ್ಲಿ. ಡಿಸೆಂಬರ್‌ನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಕೆಲಸ ಕಳೆದುಕೊಂಡರು. ತಂಡ ಕಟ್ಟಿದವರೆಲ್ಲರ ಪಾಲಿನ ದಂಡವನ್ನು ತರಬೇತುದಾರನೊಬ್ಬನೇ ತೆರುವುದು ಈ ಆಟದ ಹಳೆಯ ರೂಢಿ.

2024ರಲ್ಲಿ ಪಾಠ ಕಲಿತಂತಿತ್ತು. ಭೇಕೆ ಹಿಂತಿರುಗಿದರು, ಆಲ್ಬರ್ಟೊ ನೊಗೆರಾ, ಹೋರ್ಹೆ ಪೆರೇರಾ ಡಿಯಾಸ್ ಬಂದರು. ಈ ಮೂವರೂ ಮುಂಬೈ ಸಿಟಿಯಲ್ಲಿ ಒಟ್ಟಿಗೆ ಆಡಿದವರು, ಒಂದೇ ನೊಗಕ್ಕೆ ಹೆಗಲು ಕೊಟ್ಟು ರೂಢಿಯಿದ್ದವರು. ಜೊತೆಗೆ ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ. ತಂಡ 38 ಅಂಕಗಳೊಂದಿಗೆ ಮೂರನೆಯ ಸ್ಥಾನಕ್ಕೇರಿ, 2025ರ ಏಪ್ರಿಲ್ 12ರಂದು ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 2-1ರಿಂದ ಸೋತಿತು. ಆದರೂ ಮೆಚ್ಚುಗೆಗೆ ಒಂದು ಕಡಿವಾಣ ಬೇಕು. ಆ ಋತುವಿನಲ್ಲಿ ಛೆಟ್ರಿ 14 ಗೋಲು ಹೊಡೆದರು. ಋತು ಶುರುವಾಗುವ ಮುಂಚೆಯೇ ಅವರಿಗೆ 40 ತುಂಬಿತ್ತು. ಅವರ ಪಾಲಿಗೆ ಅದು ಬೆರಗಿನ ಸಾಧನೆ. ತಂಡ ಕಟ್ಟುವವರ ಪಾಲಿಗೆ ಮುಂದೂಡಿದ ಪ್ರಶ್ನೆ.

ಗದಗಿನಲ್ಲಿ ರೈಲು ಹತ್ತಿ ಕೊಪ್ಪಳ, ಹೊಸಪೇಟೆ ದಾಟಿದರೆ ತೋರಣಗಲ್ಲು. ಕ್ಲಬ್ಬಿನ ಒಡೆಯರಾದ ಜೆಎಸ್‌ಡಬ್ಲ್ಯು ಸಂಸ್ಥೆಯ ಉಕ್ಕಿನ ಕಾರ್ಖಾನೆ ಇರುವುದು ಅಲ್ಲಿ. ಅಲ್ಲಿನ ವಿಜಯನಗರದ ಕ್ರೀಡಾ ಸಂಸ್ಥೆಯಲ್ಲೇ ಕ್ಲಬ್ಬಿನ ಹುಡುಗರ ವಸತಿ ತರಬೇತಿ ನಡೆಯುತ್ತಾ ಬಂದಿದೆ. ನಮ್ಮ ಕಡೆಯ ಹುಡುಗರ ದೃಷ್ಟಿಯಿಂದ ಬಂದವರ ಪಟ್ಟಿಯನ್ನು ಓದಬೇಕಾದ ರೀತಿಯೇ ಬೇರೆ: ಹೊರಗಿನಿಂದ ಬಂದ ಒಂದೊಂದು ಹೆಸರೂ ಒಳಗೆ ಬೆಳೆದವನೊಬ್ಬ ಕಾಯಬೇಕಾದ ಒಂದೊಂದು ವರ್ಷ. ಕ್ಲಬ್ಬಿನ ತರಬೇತಿಯಲ್ಲೇ ಬೆಳೆದ ಬೆಂಗಳೂರಿನ ವಿನೀತ್ ವೆಂಕಟೇಶ್ ಅವರಿಗೆ 2024ರ ಸೆಪ್ಟೆಂಬರ್ 14ರಂದು, ಋತುವಿನ ಮೊದಲ ಪಂದ್ಯದಲ್ಲೇ, ಜಾಗ ಸಿಕ್ಕಿತು. ಈಸ್ಟ್ ಬೆಂಗಾಲ್ ಎದುರಿನ ಆ ಪಂದ್ಯದ ಒಂದೇ ಗೋಲು ಅವರದು. ಆ ಜಾಗಕ್ಕೆ ಇನ್ನೊಬ್ಬರನ್ನು ಕೊಳ್ಳದೆ ಇದ್ದದ್ದು ಯಾವ ಪಟ್ಟಿಯಲ್ಲೂ ಅಚ್ಚಾಗುವುದಿಲ್ಲ.

ಮರುವರ್ಷ ಪಟ್ಟಿಗಳಿಗೇ ಅರ್ಥವಿಲ್ಲದಂತಾಯಿತು. ಲೀಗ್ ನಡೆಸುವ ಸಂಸ್ಥೆ ಮತ್ತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡುವಿನ ಹಕ್ಕುಗಳ ಒಪ್ಪಂದ ನವೀಕರಣವಾಗದೆ, 2025ರ ಜುಲೈ 11ರಂದು ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಕ್ಲಬ್ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಲೆಕ್ಕ ಹಾಕುವ ಆ ತಿಂಗಳಲ್ಲಿ, ಕರಾರು ಕೈಯಲ್ಲಿದ್ದವರೂ ಯಾವ ದಿನ ಆಡುತ್ತೇವೆಂದು ತಿಳಿಯದೆ ಮನೆಯಲ್ಲಿ ಕುಳಿತಿದ್ದರು.